ಲಾನಿಗೆ ಬಂದ ಮುಯ್ಯಾಳುಗಳು

ನಮ್ಮ ಯಜಮಾನರಿಗೆ ಈ ಜನ್ಮದಲ್ಲಿ ಉಳಿದಿದ್ದ ಆಸೆ ಒಂದೇ. ಮನೆ ಮುಂದಿನ ಲಾನಿನ ಹುಲ್ಲನ್ನು ತಾವೇ, ತಮ್ಮದೇ ಮಷೀನಿನಲ್ಲಿ, ಒಂದು ಸಲ ಕತ್ತರಿಸಬೇಕು. ಕಾಶಿಗೆ ಹೋಗಬೇಕು ಅಂದಿದ್ದರೆ ಟಿಕೆಟ್ ಮಾಡಿಸಿಕೊಡುತ್ತಿದ್ದೆ. ಹುಲ್ಲು ಕತ್ತರಿಸುವ ಆಸೆಗೆ ಹೆಂಡತಿಯಾದವಳು ಏನು ಮಾಡಬೇಕು ಹೇಳಿ.

ಕೋಲಾರದ ಹೊರಗೆ, ಹೊಲಗಳ ಮಧ್ಯೆ ಎದ್ದ ಹೊಸ ಬಡಾವಣೆಯಲ್ಲಿ ನಮ್ಮ ಮನೆ. ಕಾಂಪೌಂಡಿನ ಆ ಕಡೆ ಕದಿರೇಶನ ಹಿಪ್ಪುನೇರಳೆ ತೋಟ, ಈ ಕಡೆ ನಮ್ಮ ಲಾನು. ಲಾನು ಅಂದರೆ ಮಹಾ ದೊಡ್ಡದೇನಲ್ಲ, ಮದುವೆ ಮನೆಯ ನಾಲ್ಕು ಜಮಖಾನ ಹಾಸಿದರೆ ಮುಗಿಯಿತು. ಯಜಮಾನರ ಹೆಸರು ಮುನಿಕೃಷ್ಣ, ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಬಂಗಾರದಂಥ ಮನುಷ್ಯ, ಆದರೆ ಯಾರಿಗೂ ಯಾವುದಕ್ಕೂ ಬೇಡ ಅನ್ನಲು ಬಾಯಿ ಬರುವುದಿಲ್ಲ. ಮಾರಲು ಬಾಗಿಲಿಗೆ ಬಂದ ಹುಡುಗರು ನೊಂದುಕೊಳ್ಳಬಾರದು ಅಂತ ನಮ್ಮ ಮನೆಯಲ್ಲಿ ಮೂರು ನೀರಿನ ಫಿಲ್ಟರುಗಳಿವೆ.

ಲಾನಿನ ವಿದ್ಯೆಯನ್ನೆಲ್ಲ ಅವರು ಕಲಿತದ್ದು ಫೋನಿನಲ್ಲಿ. ಅಮೆರಿಕದಲ್ಲೆಲ್ಲೋ ಟೋಪಿ ಹಾಕಿಕೊಂಡ ಒಬ್ಬ ಮನುಷ್ಯ ವಸಂತಕಾಲದಲ್ಲಿ ಹುಲ್ಲನ್ನು ಹೇಗೆ ನೋಡಿಕೊಳ್ಳಬೇಕು ಅಂತ ಪಾಠ ಹೇಳುತ್ತಾನೆ. ಹಿಮ ಕರಗಿದ ಮೇಲೆ ಮೊದಲ ಕಟಾವು ಮಾಡಬೇಕಂತೆ, ಮೂರರಲ್ಲಿ ಒಂದು ಪಾಲು ಮಾತ್ರ ಕತ್ತರಿಸಬೇಕಂತೆ. ಕೋಲಾರದಲ್ಲಿ ಹಿಮ ಇರುವುದು ಫ್ರಿಜ್ಜಿನೊಳಗೆ. ನಾನು ಅದನ್ನು ಆಫ್ ಮಾಡಿ ಒರೆಸುತ್ತಿದ್ದಾಗ ಇವರು ಬಂದು, ಕರಗುತ್ತಿರುವ ನೀರನ್ನು ನೋಡಿ, "ಸುನಂದಾ, ಮಷೀನು ತರಿಸೋ ಟೈಮು ಬಂತು ಕಣೇ," ಅಂದರು. ನಾನು ಒದ್ದೆ ಬಟ್ಟೆ ಹಿಂಡಿದೆ.

ಶಿವರಾತ್ರಿ ಬಂತು, ಚಳಿ ಶಿವಶಿವ ಅಂತ ಹೋಯಿತು, ಆರ್ಡರ್ ಮಾಡಿದ ಮಷೀನು ಮಾತ್ರ ಬರಲಿಲ್ಲ. ಹುಲ್ಲು ಪಾದ ಮುಚ್ಚುವಷ್ಟು ಬೆಳೆಯಿತು. ಇವರು ಬೆಳಿಗ್ಗೆ ಎದ್ದು ಅದರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಅದನ್ನು ಕದಿರೇಶ ಕಾಂಪೌಂಡಿನ ಆಚೆಯಿಂದ ನೋಡಿದ.

"ಏನ್ ಸಾರ್, ಹುಲ್ಲು ಚೆನ್ನಾಗ್ ಬಂದೈತೆ. ಕುಯ್ಲು ಯಾವಾಗ?"

"ಈ ಭಾನುವಾರ ಅನ್ಕೊಂಡಿದ್ದೆ ಕದಿರೇಶ. ಏನ್ ಮಾಡೋದು, ಕೈಯಲ್ಲಿ ಏನೂ ಇಲ್ಲ."

ಇವರು ಹೇಳಿದ್ದು ಮಷೀನಿನ ವಿಷಯ. ಬೇಸಾಯದ ಮನುಷ್ಯನಿಗೆ ಅದರಲ್ಲಿ ಕಂಡದ್ದು ಪೈರು ಬಲಿತರೂ ಆಳು ಸಿಗದೆ ನಿಂತಿರುವ ಒಬ್ಬ ಬಡಪಾಯಿ.

ಭಾನುವಾರ ಬೆಳಿಗ್ಗೆ ನೀರು ಹಾಕಿ ರಂಗೋಲಿ ಬಿಡೋಣ ಅಂತ ಬಾಗಿಲು ತೆಗೆದರೆ ಗೇಟಿನ ಹತ್ತಿರ ಹನ್ನೊಂದು ಜನ, ಹನ್ನೊಂದು ಕುಡುಗೋಲು. ಬಾಗಿಲನ್ನು ಅರ್ಧ ಮುಚ್ಚಿದೆ. ಆಮೇಲೆ ಕದಿರೇಶನ ತಾಯಿ ದೊಡ್ಡಮುನಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ನಿಂತಿದ್ದು ನೋಡಿ ಅರ್ಥವಾಯಿತು. ನಾನು ಮುಳಬಾಗಿಲ ಕಡೆಯವಳು, ಮುಯ್ಯಾಳು ನನಗೆ ಗೊತ್ತು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅದರಲ್ಲಿ ಕೂಲಿಯ ಮಾತಿಲ್ಲ, ಆದರೆ ತೀರಿಸದೆ ಇರುವ ಹಾಗೂ ಇಲ್ಲ.

ಕೋಲಾರ ಪೇಟೆಯಲ್ಲೇ ಹುಟ್ಟಿ ಬೆಳೆದ ನಮ್ಮವರಿಗೆ ಇದೊಂದೂ ತಿಳಿಯದು. ಪೈಜಾಮದಲ್ಲಿ ಓಡಿಬಂದು, "ಅಯ್ಯೋ, ನೀವ್ಯಾಕೆ ತೊಂದರೆ ತಗೊಂಡ್ರಿ," ಅಂದರು. ಬೇಡ ಅನ್ನುವುದಕ್ಕೆ ಅವರ ಬಾಯಿಂದ ಬರುವ ಅತಿ ಕಟುವಾದ ಮಾತು ಅದೇ. ಬಂದವರು ಅದನ್ನು ಸಂತೋಷ ಅಂತ ತಿಳಿದರು. ಭುಜಕ್ಕೆ ಭುಜ ತಾಗಿಸಿಕೊಂಡು ಸಾಲಾಗಿ ಕೂತರು. ಜಾಗ ಸಾಲದೆ ಇಬ್ಬರು ಮೆಟ್ಟಿಲ ಮೇಲೆ ಕೂತು ಕಾದರು. ನಾನು ಒಲೆ ಹೊತ್ತಿಸಿ ಹಾಲಿಡುವುದರೊಳಗೆ ಲಾನು ಬೋಳು. ಕುಯ್ದ ಹುಲ್ಲನ್ನು ಚೆಂದವಾಗಿ ಸಿವುಡು ಕಟ್ಟಿ, ಕಾರು ನಿಲ್ಲಿಸುವ ಶೆಡ್ಡಿನಲ್ಲಿ ನನ್ನ ಮೊಣಕಾಲೆತ್ತರಕ್ಕೆ ಒಂದು ಬಣವೆ ಒಟ್ಟಿ, ಅದರ ನೆತ್ತಿಗೊಂದು ಹೂವನ್ನೂ ಇಟ್ಟರು.

ಕುಯ್ಲಿಗೆ ಬಂದವರನ್ನು ಬರಿ ಹೊಟ್ಟೆಯಲ್ಲಿ ಕಳಿಸುವ ಹಾಗಿಲ್ಲ. ಹಾಲು ಉಕ್ಕುವಷ್ಟು ಹೊತ್ತಿನ ಕೆಲಸಕ್ಕೆ ನಾನು ಮಧ್ಯಾಹ್ನದವರೆಗೆ ಕೂತು ಮುದ್ದೆ ತೊಳಸಿ, ಬಸ್ಸಾರು ಮಾಡಿ ಬಡಿಸಿದೆ. ಉಂಡು ಎದ್ದು ಕೈ ತೊಳೆಯುವಾಗ ದೊಡ್ಡಮುನಿಯಮ್ಮ ನಮ್ಮವರಿಗೆ, "ನಾಯನಾ, ಬುಧವಾರ ನಮ್ಮ ತ್ವಾಟದಾಗೆ ಸೊಪ್ಪು ಬಿಡಿಸೋದೈತೆ," ಅಂದಳು. ಇವರು ಆಗಲಿ ಅಂದರು.

ಅಲ್ಲಿಗೆ ಶನಿ ಹೆಗಲೇರಿತು. ಬುಧವಾರ ಕದಿರೇಶನ ರೇಷ್ಮೆ ಹುಳಕ್ಕೆ ಸೊಪ್ಪು ಬಿಡಿಸಿದರು. ಮರುದಿನ, ಕುಯ್ಲಿಗೆ ಬಂದಿದ್ದ ಅಂಜಮ್ಮನ ಟೊಮೇಟೊ ಗಿಡಗಳನ್ನು ಕೋಲಿಗೆ ಕಟ್ಟಲು ಹೋದರು. ಸಂಜೆ ಕೈ ಎರಡೂ ಹಸಿರುಗಪ್ಪಾಗಿ ಬಂದಾಗ ಅವರಿಗೆ ಅನ್ನ ಕಲಸಿ ನಾನೇ ಬಾಯಿಗೆ ಇಡಬೇಕಾಯಿತು. ಆ ಹನ್ನೊಂದರಲ್ಲಿ ಒಬ್ಬ ಮುನಿರಾಮಪ್ಪ, ದೇವರಾಯಸಮುದ್ರದವನು, ನೆಂಟರ ಮನೆಗೆ ಬಂದವನು ಸುಮ್ಮನಿರಲಾರದೆ ಕುಡುಗೋಲು ಹಿಡಿದಿದ್ದ. ಅವನ ಮುಯ್ಯಿ ತೀರಿಸಲು ಇವರು ಡಬ್ಬಿ ಕಟ್ಟಿಸಿಕೊಂಡು ಬಸ್ಸು ಹತ್ತಿದರು. ಅಲ್ಲಿ ಬದನೆ ಕಿತ್ತು, ಸೊಂಟ ಹಿಡಿದುಕೊಂಡು ವಾಪಸ್ ಬಂದರು.

ಮುಯ್ಯಿ ತೀರಿತಲ್ಲ ಅಂತ ನೀವು ಅಂದುಕೊಳ್ಳಬಹುದು, ನಾನೂ ಹಾಗೇ ಅಂದುಕೊಂಡೆ. ಆದರೆ ದೊಡ್ಡ ಆಫೀಸರು ಬಿಸಿಲಲ್ಲಿ ಬಂದು ದುಡಿದರು ಅಂತ ಎಲ್ಲರ ಮನಸ್ಸೂ ಕರಗಿತ್ತು. ಅಷ್ಟು ಹೊತ್ತಿಗೆ ಹುಲ್ಲೂ ನೀರು ಕುಡಿದು ಎದ್ದಿತ್ತು. ಮುಂದಿನ ಭಾನುವಾರ ಮತ್ತೆ ಬಂದರು, ಮತ್ತೆ ಕುಯ್ದರು, ಮತ್ತೆ ಉಂಡರು. ಇವರು ಮತ್ತೆ ಹೊಲಗಳಿಗೆ ಹೋದರು.

ಈ ನಡುವೆ ಮಷೀನು ಬಂತು. ಕೆಂಪು ಬಣ್ಣ, ನಾಲ್ಕು ಗಾಲಿ, ಹಿಂದೆ ಒಂದು ಚೀಲ. ಇವರು ಅದಕ್ಕೆ ಕುಂಕುಮ ಇಟ್ಟು, ಪೆಟ್ರೋಲು ಹಾಕಿ, ಹಗ್ಗ ಎಳೆದು ಶುರು ಮಾಡಿದರು. ಲಾನಿನಲ್ಲಿ ಕತ್ತರಿಸಲು ಒಂದು ಎಳೆಯೂ ಇರಲಿಲ್ಲ. ಆದರೂ ಆ ಕಡೆಯಿಂದ ಈ ಕಡೆಗೆ ಒಂದು ಸಲ ತಳ್ಳಿಕೊಂಡು ಹೋಗಿ, ಚೀಲ ಬಿಚ್ಚಿ ನೋಡಿದರು. ಒಂದು ತರಗೆಲೆ, ಸ್ವಲ್ಪ ಧೂಳು.

"ಮುಂದಿನ್ ವಾರ ಹೊಡೀತೀನಿ," ಅಂದರು.

ಮುಂದಿನ ವಾರ ಶನಿವಾರವೇ ಹೊಡೆದುಬಿಡಿ ಅಂತ ನಾನು ಹೇಳಿಕೊಟ್ಟೆ. ಶನಿವಾರ ಇವರು ಅಂಜಮ್ಮನ ಟೊಮೇಟೊ ಬಿಡಿಸಿ ಮಾರ್ಕೆಟ್ಟಿಗೆ ಹಾಕಲು ಹೋಗಬೇಕಾಯಿತು. ಭಾನುವಾರ ಕುಡುಗೋಲುಗಳು ಬಂದವು. ಇವರು ಶೆಡ್ಡಿನಲ್ಲಿ ಬಣವೆಯ ಪಕ್ಕ ಮಷೀನಿನ ಹಿಡಿಯ ಮೇಲೆ ಕೈಯಿಟ್ಟು, ಬಸ್ಸು ತಪ್ಪಿದವರ ಹಾಗೆ ನಿಂತು ನೋಡುತ್ತಿದ್ದರು. ನನಗೆ ಅಲ್ಲಿಯವರೆಗೆ ಸಿಟ್ಟಿತ್ತು. ಆ ಮುಖ ನೋಡಿದ ಮೇಲೆ ಸಂಕಟವಾಯಿತು. ಇಡೀ ಜೀವಮಾನದಲ್ಲಿ ಈ ಮನುಷ್ಯ ತನಗೆ ಅಂತ ಕೇಳಿಕೊಂಡದ್ದು ಇದೊಂದೇ, ಅದನ್ನೂ ಪ್ರೀತಿ ಮಾಡಿ ಮಾಡಿ ಕಿತ್ತುಕೊಳ್ಳುತ್ತಿದ್ದಾರಲ್ಲ ಅನ್ನಿಸಿತು.

ಮರುದಿನ ನಾನೇ ದೊಡ್ಡಮುನಿಯಮ್ಮನ ಮನೆಗೆ ಹೋದೆ. ಅವಳು ಜಗಲಿಯ ಮೇಲೆ ಹುಣಸೆಹಣ್ಣು ಬಡಿಯುತ್ತಿದ್ದಳು. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

"ಅಮ್ಮ, ನಮ್ಮವರಿಗೆ ಅವರ ಹುಲ್ಲನ್ನ ಅವರೇ ಕುಯ್ಕೋಬೇಕಂತೆ."

ಅವಳ ಕೈಯಲ್ಲಿದ್ದ ಕೊಡತಿ ನಿಂತಿತು. "ಏಮ್ಮಾ, ನಾವೇನ್ ತಪ್ ಮಾಡಿದ್ವಿ?"

"ತಪ್ಪೇನಿಲ್ಲ. ಅವರಿಗೆ ಆಸೆ."

"ಕುಯ್ಲು ಯಾರಾನಾ ಒಬ್ರೇ ಮಾಡ್ತಾರಾ? ಊರು ಬಿಟ್ಟಾಕಿದ್ ಮನೆಯೋರು ಮಾಡ್ತಾರೆ. ಇವ್ರು ಒಬ್ರೇ ಕುಯ್ತಿದ್ರೆ ರಸ್ತೇಲಿ ಹೋಗೋರು ನಮ್ಮ ಮುಖಕ್ಕೆ ಉಗೀತಾರೆ."

ಕೊಡತಿ ಮತ್ತೆ ಎತ್ತಿ ನಾಲ್ಕು ಹಣ್ಣು ಬಡಿದಳು. ಕೊನೆಗೆ ತೀರ್ಪು ಕೊಟ್ಟಳು: ಅವರೇ ಕುಯ್ಯಲಿ, ಆದರೆ ನಾವೆಲ್ಲ ಬಂದು ಕೂತಿರ್ತೀವಿ.

ಹೀಗೆ ಯುಗಾದಿಯ ಹಿಂದಿನ ಭಾನುವಾರ ನಮ್ಮವರು ಲಾನು ಕತ್ತರಿಸಿದರು. ಕಾಂಪೌಂಡಿನ ಗೋಡೆಗೆ ಬೆನ್ನು ಕೊಟ್ಟು ಹನ್ನೊಂದು ಜನ ಕುಡುಗೋಲುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮುನಿರಾಮಪ್ಪ ಇದಕ್ಕೆಂದೇ ದೇವರಾಯಸಮುದ್ರದಿಂದ ಬಂದಿದ್ದ. ಮಷೀನು ಮೊದಲ ಎಳೆತಕ್ಕೇ ಗುರ್ ಅಂದಿತು. ಇವರು ಹೊಸ ಅಂಗಿ ಹಾಕಿಕೊಂಡು, ನೇರವಾಗಿ ತಳ್ಳುತ್ತಾ, ಕೊನೆಯಲ್ಲಿ ತಿರುಗಿಸುತ್ತಾ ನಡೆದರು. ಪಟ್ಟೆ ಪಟ್ಟೆಯಾಗಿ ಹುಲ್ಲು ಸಮವಾಯಿತು. ಮಧ್ಯೆ ಮಧ್ಯೆ ಅಂಜಮ್ಮ, "ಸಾರ್, ಅಲ್ಲೊಂದ್ ಕಡ್ಡಿ ಬಿಟ್ರಿ," ಅನ್ನುತ್ತಿದ್ದಳು. ಇವರಿಗೆ ಅದು ಕೇಳಿಸಲೇ ಇಲ್ಲ. ನಮ್ಮ ಮದುವೆಯ ದಿನವೂ ಅವರ ಮುಖ ಅಷ್ಟು ಬೆಳಗಿದ್ದು ನಾನು ಕಂಡಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೇ ಬಂತು.

ಎಲ್ಲ ಮುಗಿದು ಊಟಕ್ಕೆ ಕೂತಾಗ ದೊಡ್ಡಮುನಿಯಮ್ಮ ತುತ್ತು ಕೈಯಲ್ಲೇ ಹಿಡಿದು ಹೇಳಿದಳು: "ದುಡಿದಿದ್ದು ಆಯಪ್ಪ, ಉಂಡಿದ್ದು ನಾವು. ಇವತ್ತಿನ್ ಮುಯ್ಯಿ ನಮ್ ಮ್ಯಾಲೆ ಬಿತ್ತು." ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಪಾತ್ರೆಗಳ ರಾಶಿ ನೋಡುತ್ತಿದ್ದ ನಾನು ಆ ಮಾತಿಗೆ ಕಿವಿ ಕೊಡಲಿಲ್ಲ.

ಯುಗಾದಿಯ ದಿನ ಹೋಳಿಗೆಗೆ ಹೂರಣ ರುಬ್ಬುತ್ತಿದ್ದೆ. ಗೇಟಿನ ಹತ್ತಿರ ಗೆಜ್ಜೆ ಸದ್ದು. ಬಂದು ನೋಡಿದರೆ ಕೊಂಬಿಗೆ ಬಣ್ಣ, ಹಣೆಗೆ ಅರಿಶಿನ ಕುಂಕುಮ, ಕೊರಳಿಗೆ ಬೇವಿನ ಸೊಪ್ಪು ಕಟ್ಟಿದ ಜೋಡಿ ಎತ್ತು. ಹಿಂದೆ ನೇಗಿಲು ಹಿಡಿದ ಕದಿರೇಶ. ಅವನ ಹಿಂದೆ ಅವರೆಲ್ಲ.

"ಸಾರ್, ಮುಯ್ಯಿ ತೀರಿಸೋಕ್ ಬಂದ್ವಿ. ಕುಯ್ಲು ಮುಗೀತಲ್ಲ, ಇನ್ನು ಉಳುಮೇನೇ. ಈ ವರ್ಷ ಹೊನ್ನಾರು ಮೊದ್ಲು ನಿಮ್ಮ ಭೂಮೀಲೇ ಅಂತ ಅಮ್ಮ ಹೇಳವ್ಳೆ."

ಹೊನ್ನಾರು ಅಂದರೆ ವರ್ಷದ ಮೊದಲ ನೇಗಿಲು. ಯಾರ ಹೊಲದಲ್ಲಿ ಅದನ್ನು ಹೂಡುತ್ತಾರೋ ಅವರಿಗೆ ಊರು ಕೊಡುವ ಮರ್ಯಾದೆ ಅಷ್ಟಿಷ್ಟಲ್ಲ. ನಮ್ಮವರು ಬಾಗಿಲಲ್ಲಿ ನಿಂತು, "ಅಯ್ಯೋ, ನೀವ್ಯಾಕೆ ತೊಂದರೆ ತಗೊಂಡ್ರಿ," ಅಂದರು. ಎತ್ತುಗಳು ಒಳಗೆ ಬಂದವು.

ಮೊದಲ ಸಾಲಿಗೆ ಪಟ್ಟೆ ಹುಲ್ಲು ಬೇರು ಮೇಲಾಗಿ ಮಗುಚಿಕೊಂಡಿತು. ಎರಡನೆಯ ಸಾಲು, ಮೂರನೆಯ ಸಾಲು. ದೊಡ್ಡಮುನಿಯಮ್ಮ ತೆಂಗಿನಕಾಯಿ ಒಡೆದಳು. ನನ್ನ ನಾಲಿಗೆ ತುದಿಯವರೆಗೆ ಬೈಗುಳ ಬಂದಿತ್ತು. ಬಾಯಿ ಬಿಡಲಿಲ್ಲ. ಒಂದು ಸಲ ಇವರ ಪರವಾಗಿ ನಾನು ಹೋಗಿ ಮಾತಾಡಿದ್ದಕ್ಕೇ ಮನೆಗೆ ಎತ್ತು ಬಂದಿದ್ದವು. ಇದು ಅವರೇ ಆಡಬೇಕಾದ ಮಾತು, ನಾನು ಆಡಿದರೆ ಉಳಿದ ಹುಲ್ಲು ನನ್ನದಾಗುತ್ತದೆಯೇ ಹೊರತು ಅವರದಾಗುವುದಿಲ್ಲ. ಕೈಯಲ್ಲಿದ್ದ ಹೂರಣವನ್ನು ಬಿಗಿಯಾಗಿ ಅದುಮಿಕೊಂಡು ನಿಂತೆ.

ನೇಗಿಲು ಅರ್ಧಕ್ಕೆ ಬಂದಾಗ ಇವರು ಮೆಟ್ಟಿಲಿಳಿದರು. ಬರಿಗಾಲಲ್ಲಿ ಹೋಗಿ ಎತ್ತುಗಳ ಮುಂದೆ ನಿಂತರು.

"ಕದಿರೇಶ, ನಿಲ್ಸು."

"ಯಾಕ್ ಸಾರ್? ಇನ್ನೂ ಅರ್ಧ ಐತೆ."

"ಆ ಅರ್ಧ ಬೇಡ." ಕೆಮ್ಮಿ ಮತ್ತೆ ಹೇಳಿದರು: "ಅದು ನನಗೆ ಬೇಕು, ಹುಲ್ಲಾಗೇ ಬೇಕು. ಯಾರೂ ಉಳಬೇಡಿ, ಯಾರೂ ಕುಯ್ಬೇಡಿ, ಬಂದು ಕೂತ್ಕೊಳ್ಳೋದೂ ಬೇಡ. ನಾನೇ ಹೊಡ್ಕೋತೀನಿ, ಒಬ್ನೇ."

ಹಬ್ಬದ ದಿನ, ಶೃಂಗಾರ ಮಾಡಿ ತಂದ ಎತ್ತುಗಳ ಮುಂದೆ ಇಂಥ ಮಾತು. ಇವರು ಮಾತ್ರ ಅಲ್ಲಿಂದ ಕದಲಲಿಲ್ಲ. ದೊಡ್ಡಮುನಿಯಮ್ಮ ಒಡೆದ ಕಾಯಿ ಹಿಡಿದುಕೊಂಡೇ ಅವರನ್ನು ದಿಟ್ಟಿಸಿದಳು. ಆಮೇಲೆ ಉಳದೆ ಬಿಟ್ಟ ಹುಲ್ಲಿನ ಮೇಲೆ ದೊಪ್ಪನೆ ಕೂತುಬಿಟ್ಟಳು.

"ಮೊದ್ಲೇ ಹೇಳೋಕ್ ಏನಾಗಿತ್ತಪ್ಪಾ ನಿಂಗೆ? ನಾವೇನ್ ಹುಲ್ಲಿಗ್ ಗತಿಗೆಟ್ಟಿದ್ವಾ? ವಾರಕ್ಕೊಂದ್ ದಿನ ಮನೆ ಕೆಲ್ಸ ಬಿಟ್ಟು ಬಂದು ಬಂದು ನನ್ ಸೊಂಟ ಬಿದ್ದೋಯ್ತು. ಬರ್ದಿದ್ರೆ ನೀವು ನೊಂದ್ಕೋತೀರಾ ಅಂತ ಬರ್ತಿದ್ವಿ."

"ನಂದೂ ಅದೇ," ಅಂದ ಕದಿರೇಶ. "ನೀವ್ ಬಿಡಿಸಿದ್ ಸೊಪ್ಪನ್ನ ನಾನ್ ಇನ್ನೊಂದ್ ಸಲ ಆರಿಸ್ಬೇಕಿತ್ತು ಸಾರ್. ಹೇಳೋಕಾಗ್ತಿರ್ಲಿಲ್ಲ."

ಮುನಿರಾಮಪ್ಪ ಬಸ್ಸಿನ ಚಾರ್ಜಿನ ಬಗ್ಗೆ ಏನೋ ಗೊಣಗಿದ. ಒಬ್ಬರಾದ ಮೇಲೆ ಒಬ್ಬರು ಬಾಯಿ ಬಿಟ್ಟರು, ಭಾರ ಇಳಿಸಿದವರಂತೆ ಎಲ್ಲರ ಮುಖವೂ ಹಗುರಾಯಿತು. ನಮ್ಮವರು ಎತ್ತಿನ ಕೊರಳು ಸವರುತ್ತಾ ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕರು. ನನಗೊಬ್ಬಳಿಗೇ ರೇಗಿತು.

"ಹಂಗಾದ್ರೆ ನಾನು ವಾರ ವಾರ ಕೂತ್ಕೊಂಡು ಮುದ್ದೆ ತೊಳಸಿದ್ದು ಯಾರಿಗೆ?"

ಅಂಜಮ್ಮ ಒಂದು ಕ್ಷಣ ಅಳುಕಿದಳು. ಆದರೆ ಅವತ್ತು ಎಲ್ಲರೂ ನಿಜ ಹೇಳುವ ದಿನವಾಗಿತ್ತು.

"ಬೇಜಾರ್ ಮಾಡ್ಕೋಬೇಡಿ ಅಮ್ಮ. ನಿಮ್ ಮುದ್ದೇಲಿ ಯಾವಾಗ್ಲೂ ಗಂಟಿರುತ್ತೆ. ಏನೂ ಅನ್ನೋಕಾಗ್ದೆ ನುಂಗ್ತಿದ್ವಿ."

ನಾನು ಯಜಮಾನರ ಕಡೆ ತಿರುಗಿದೆ. ಮದುವೆಯಾದಾಗಿನಿಂದ ಅದೇ ಮುದ್ದೆ ಉಂಡ ಮನುಷ್ಯ ನಗು ನಿಲ್ಲಿಸಿ, ತಲೆ ತಗ್ಗಿಸಿ ಹುಲ್ಲು ನೋಡತೊಡಗಿದರು.