ಮೂರು ಹೂವಿನ ಕೌದಿ

ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ದಾಂಡೇಲಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಜೆರಾಲ್ಡ್ ಸಿದ್ದಿ ತನ್ನ ತಾಯಿಯನ್ನು ಒಂದು ಪುಸ್ತಕದಲ್ಲಿ ಕಂಡ.

ಪುಸ್ತಕ ಅಂದೇ ಸಂಜೆ ನಾಲ್ಕಕ್ಕೆ ಅದೇ ಊರಿನ ಬಂಗೂರನಗರದಲ್ಲಿ ಬಿಡುಗಡೆಯಾಗುವುದಿತ್ತು. ಸುತ್ತಲಿನ ತಾಲೂಕುಗಳ ಸಿದ್ದಿ ಕುಟುಂಬಗಳ ಬದುಕನ್ನು ಕುರಿತದ್ದು. ಬರೆದವರು ಅನ್ನಪೂರ್ಣಾ; ಹಿಂದೆ ಪತ್ರಿಕೆಯ ವರದಿಗಾರ್ತಿ, ಗಂಡ ಕಾಗದ ಕಾರ್ಖಾನೆಯ ನೌಕರ. ಜೆರಾಲ್ಡ್ ಹಳಿಯಾಳದ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುವವ, ಮೇಲಾಗಿ ಸಿದ್ದಿ. ಪುಸ್ತಕದ ಬಗ್ಗೆ ಮಾತಾಡಲು ಅವನನ್ನೇ ಕರೆದಿದ್ದರು. ಅಚ್ಚಿನ ಕೆಲಸ ತಡವಾಗಿ, ಹುಬ್ಬಳ್ಳಿಯಿಂದ ಪ್ರತಿಗಳು ಬಂದದ್ದೇ ಆ ಬೆಳಿಗ್ಗೆ. ಓದುಗರ ಬಳಗದ ಕಾರ್ಯದರ್ಶಿ ಮಹಾಂತಪ್ಪ ಬಸ್ ನಿಲ್ದಾಣಕ್ಕೇ ಬಂದು ಒಂದು ಪ್ರತಿ ಕೊಟ್ಟು ಹೋಗಿದ್ದ.

"ನಮ್ಮ ಬಳಗದಾಗ ಕತಿ ಕಾದಂಬರಿ ಯಾರೂ ಓದೂದಿಲ್ರಿ ಸರ್," ಎಂದಿದ್ದ ಮಹಾಂತಪ್ಪ, ಸ್ಕೂಟರಿನಿಂದ ಇಳಿಯದೆ. "ದಿನಾ ಎಂಟು ತಾಸು ಮಿಲ್ಲಿನಾಗ ದುಡಿದು ಬಂದು ಮತ್ತೊಬ್ರು ಕಟ್ಟಿದ ಸುಳ್ಳು ಯಾಕ ಓದೂಣು? ನಡದದ್ದು ಬೇಕು, ನಡದದ್ದು. ನೀವು ಒಂದಿಷ್ಟು ಜೋರ ಮಾತಾಡ್ರಿ, ಹಿಂದ ಕುಂತವ್ರು ಚುರಮರಿ ಕಡೆ ನೋಡಬಾರದು."

ಜೆರಾಲ್ಡ್ ಪುಸ್ತಕ ಓದುವ ಮೊದಲೇ ಭಾಷಣ ಬರೆದಿದ್ದ. ಕಾಲೇಜಿನಲ್ಲಿ ಇದ್ದವರಿಗೆ ಅದೇನೂ ಹೊಸದಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದ ಪುಸ್ತಕ ನೆರೆಯವರ ಮನೆಯ ಬಾಗಿಲು ತೆರೆದು ತೋರಿಸುತ್ತದೆ, ಸಮಾಜ ತನ್ನನ್ನು ತಾನು ನೋಡಿಕೊಳ್ಳುವುದು ಹಾಗೆಯೇ ಎಂದು ಆರಂಭಿಸಿದ್ದ. ಅದಕ್ಕೆ ಒಪ್ಪುವ ಸಾಲೊಂದು ಸಿಕ್ಕರೆ ಸೇರಿಸೋಣವೆಂದು ಪುಸ್ತಕ ತಿರುವಿಹಾಕುತ್ತಿದ್ದ. ಕೌದಿಯ ಮೇಲಿನ ಅಧ್ಯಾಯಕ್ಕೆ ಬಂದಾಗ ಕೈ ನಿಂತಿತು.

ಅದರಲ್ಲಿ ಮರಿಯಾ ಎಂಬ ಹೆಂಗಸಿನ ವಿಷಯವಿತ್ತು. ಗಂಡ ಕಾಡಿನ ಕೆಲಸದಲ್ಲಿ ಮರ ಬಿದ್ದು ಸತ್ತಿದ್ದ. ಒಂದು ಗಂಡು ಕೂಸು, ಕೈಯಲ್ಲಿ ಹಸುಗೂಸು ಹೆಣ್ಣು. ರಸ್ತೆ ಕೆಲಸಕ್ಕೆ ಹೋದಲ್ಲಿ ಮರಿಯಾಗೆ ಜ್ವರ ಹಿಡಿದು ಎದೆಹಾಲು ಬತ್ತಿತು. ಪಕ್ಕದ ಗುಡಿಸಲಲ್ಲಿ ಸಲ್ಮಾ ಎಂಬ ಸಿದ್ದಿ ಹೆಂಗಸು ತನ್ನ ಕೂಸನ್ನು ಆಗಷ್ಟೇ ಕಳಕೊಂಡಿದ್ದಳು. ಅವಳು ಹಾಲು ಕೊಟ್ಟಳು. ಮಳೆಗಾಲ ಮುಗಿಯುವವರೆಗೆ ಕೂಸು ಅವಳ ಹತ್ತಿರವೇ ಇರಲಿ ಎಂದು ಮಾತಾಯಿತು. ಮರಿಯಾ ಚೇತರಿಸಿಕೊಂಡು ಹೋದಾಗ ಗುಡಿಸಲು ಬರಿದಾಗಿತ್ತು. ಕೆಲಸ ಹುಡುಕಿ ಗೋವಾಕ್ಕೆ ಹೋದರು ಎಂದರು. ಕೂಸು ಸತ್ತಿತು ಎಂದು ಊರಿಗೆ ಹೇಳು ಎಂದಳು ಅತ್ತೆ. ಮರಿಯಾ ಹಾಗೇ ಹೇಳಿದಳು.

ನಂತರ ಈ ಸಾಲುಗಳಿದ್ದವು: "ಹಳೆ ಸೀರೆ, ಅಂಗಿಗಳ ತುಂಡು ಸೇರಿಸಿ ಇವರು ಹೊಲಿಯುವ ಕೌದಿಯ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ಹೂವು ಇರಲೇಬೇಕು. ಹೂವಿಲ್ಲದ ಕೌದಿ ಬತ್ತಲೆ ಎನ್ನುತ್ತಾರೆ. ಮರಿಯಾಳ ಕೌದಿಗೆ ಮೂರೇ ಹೂವು. ನಾಲ್ಕನೆಯದನ್ನು ಬಿಚ್ಚಿ ಆಕೆ ಕೂಸಿಗೆ ಸುತ್ತಿದ ಸಣ್ಣ ಕೌದಿಗೆ ಹಾಕಿದ್ದಳು."

ಮೂರು ಹೂವಿನ ಕೌದಿ ಜೆರಾಲ್ಡನ ಊರಿನಲ್ಲಿ ಒಂದೇ ಒಂದು. ಅದರ ಮೇಲೆ ಮಲಗಿ ಬೆಳೆದವನು ಅವನು. ನಾಲ್ಕನೆಯ ಮೂಲೆಯನ್ನು ಇಲಿ ಕಡಿಯಿತು ಎಂದು ತಾಯಿ ಜಾನು ಹೇಳುತ್ತಿದ್ದಳು. ಪ್ರತಿ ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಅಪ್ಪನಿಗೊಂದು, ತಂಗಿ ಮೊನಿಕಾಗೊಂದು ಎಂದು ಮೇಣದಬತ್ತಿ ಹಚ್ಚುತ್ತಿದ್ದವನೂ ಅವನೇ.

ಅವನು ಎದ್ದು ನಿಂತ. ಕೂತ. ಮತ್ತೆ ಎದ್ದ. ತಂಗಿ ಬದುಕಿರಬಹುದು ಎನ್ನುವುದು ತಲೆಗೆ ಇಳಿಯುವ ಮೊದಲೇ ಇನ್ನೊಂದು ಇಳಿದಿತ್ತು: ಊರಿನವರು ಇಗರ್ಜಿ ಪೂಜೆ ಮುಗಿಸಿ, ಬಾಡಿಗೆ ಟೆಂಪೋ ಮಾಡಿಕೊಂಡು ಈ ಕಾರ್ಯಕ್ರಮಕ್ಕೇ ಬರುವವರಿದ್ದರು. ಅವ್ವನೂ ಅವರ ಜೊತೆಗೆ. ಆಮಂತ್ರಣದಲ್ಲಿ 'ಲೇಖಕಿಯಿಂದ ಆಯ್ದ ಭಾಗದ ಓದು' ಎಂದಿತ್ತು. ಆ ಪುಟದ ಮೂಲೆಯನ್ನು ಯಾರೋ ಆಗಲೇ ಮಡಚಿಟ್ಟಿದ್ದರು.

ತಾಯಿಗೆ ಫೋನ್ ಮಾಡಿದ. ಕಾಡಿನ ಊರು, ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು ಕಂಪನಿಯ ಹೆಂಗಸಿನ ದನಿ. ಬಂಗೂರನಗರದಲ್ಲಿದ್ದ ಅನ್ನಪೂರ್ಣಾ ಅವರ ಮನೆಯ ಕಡೆ ನಡೆದ. ಅರ್ಧ ದಾರಿಗೆ ಮತ್ತೆ ಮಾಡಿದ. ಅದೇ ಹೆಂಗಸಿನ ದನಿ, ಅದೇ ಮಾತು.

ಅನ್ನಪೂರ್ಣಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. "ಬಾ ಜೆರಾಲ್ಡ್, ನಾಷ್ಟಾ ಮಾಡೀಯಿಲ್ಲೋ?"

"ಮರಿಯಾ ನಮ್ಮವ್ವ," ಎಂದ.

ಅವರು ಕೈ ಒರೆಸುವುದನ್ನು ನಿಲ್ಲಿಸಿದರು. "ನಿಮ್ಮವ್ವನ ಹೆಸರು ಬದ್ಲಿ ಮಾಡೇನಿ. ಊರು ಬದ್ಲಿ ಮಾಡೇನಿ."

"ಕೌದಿ ಬದ್ಲಿ ಮಾಡೀರೇನು? ನೀವು ಇಷ್ಟು ದಿವಸ ನಮ್ಮ ಊರಾಗ ತಿರುಗಿದ್ರಿ ಮೇಡಂ. ಕೌದಿ ಅಂದ್ರ ಏನಂತ ತಿಳೀಲಿಲ್ಲೇನು ನಿಮಗ? ಒಣಗಾಕ ಹಾಕಿದ ಕೌದಿ ನೋಡಿ, ಇದು ಇಂಥಾಕಿದು ಅಂತ ಹೇಳ್ತಾರ ನಮ್ಮ ಮಂದಿ. ಮೂರು ಹೂವು ಅಂತ ನೀವು ಓದಿದ್ರ ಮುಗೀತು. ಟೆಂಪೋದಾಗಿನ ಅಷ್ಟೂ ಮಂದಿ ನಮ್ಮವ್ವನ ಕಡೆ ಹೊಳ್ಳಿ ನೋಡ್ತಾರ. ಸತ್ತೈತಿ ಅಂತ ಹೇಳಿ ಕೂಸು ಕೊಟ್ಟು ಬಂದಾಕಿ ಅಂತಾರ."

"ನಿಂದ್ರು, ಕುಂತು ಮಾತಾಡು."

"ಕುಂದ್ರೂದಿಲ್ರಿ."

ಅನ್ನಪೂರ್ಣಾ ಕೈಯೊರೆಸುವ ಬಟ್ಟೆಯನ್ನು ಕುರ್ಚಿಯ ಮೇಲೆ ಹಾಕಿದರು. ವರದಿಗಾರಿಕೆಯಲ್ಲಿ ಬೈಸಿಕೊಂಡು ರೂಢಿಯಿದ್ದ ಹೆಂಗಸು. ಆದರೂ ಮುಖ ಬಿಳಿಚಿತ್ತು. "ನೀ ಬ್ಯಾಡಂದ್ರ ಆ ಪುಟ ಓದೂದಿಲ್ಲ. ಬ್ಯಾರೆ ಓದ್ತೇನಿ. ಪುಸ್ತಕ ಮಾತ್ರ ಹಿಂದ ತಗೊಳ್ಳಾಕ ಆಗೂದಿಲ್ಲ."

"ಇಂಥಾದು ಬರಿಯೂ ಮುಂದ ಒಂದ ಮಾತು ನನ್ನ ಕೇಳಬೇಕಿತ್ತು."

"ಕೇಳೂದು ನಿನ್ನನ್ನಲ್ಲ, ನಿಮ್ಮವ್ವನ್ನ. ನೀನೂ ಆಕೀನ ಕೇಳು."

ಇದು ಬಾಯಿ ಮುಚ್ಚಿಸುವ ಉಪಾಯ ಎಂದುಕೊಂಡು ಜೆರಾಲ್ಡ್ ಚಹಾ ಕುಡಿಯದೆ ಹೊರಬಿದ್ದ.

ಹಳಿಯಾಳದ ರಸ್ತೆ ದಾಂಡೇಲಿ ಸೇರುವಲ್ಲಿ ಒಂದು ಚಹಾದ ಅಂಗಡಿಯಿತ್ತು. ಊರಿನವರ ಟೆಂಪೋವನ್ನು ಅಲ್ಲೇ ಅಡ್ಡಗಟ್ಟುವುದೆಂದು ನಿಂತ. ಊಟದ ಹೊತ್ತು ಮೀರಿತು. ಬಂದ ಪ್ರತಿ ಟೆಂಪೋಕ್ಕೂ ರಸ್ತೆಗಿಳಿದು ಹಿಂದೆ ಬಂದ. ಜೇಬಿನಲ್ಲಿದ್ದ ಭಾಷಣ ತೆಗೆದು ಓದಿದ. ನೆರೆಯವರ ಮನೆಯ ಬಾಗಿಲು ಎಂಬಲ್ಲಿಗೆ ಬಂದು ಮಡಚಿಟ್ಟ. ಬಾಗಿಲು ತೆರೆದರೆ ಒಳಗಿದ್ದವರ ಗತಿ ಏನು ಎಂದು ಆ ಭಾಷಣದಲ್ಲಿ ಎಲ್ಲೂ ಇರಲಿಲ್ಲ. ತಾನು ವಿದ್ಯಾರ್ಥಿಗಳಿಂದ ಓದಿಸಿದ ಅಧ್ಯಯನಗಳು ನೆನಪಾದವು. ಅವುಗಳಲ್ಲಿದ್ದ ಯಾರದೋ ಅವ್ವ, ಯಾರದೋ ಗಂಡ. ಅವರ ಊರಿನವರು ಅದನ್ನು ಓದಿದರೇ ಎಂದು ಅವನು ಯಾವತ್ತೂ ಕೇಳಿರಲಿಲ್ಲ. ಅಂಗಡಿಯವ ಮೂರನೆಯ ಚಹಾಕ್ಕೆ ಕೇಳದೇ ಸಕ್ಕರೆ ಕಮ್ಮಿ ಹಾಕಿದ.

ಮೂರು ದಾಟಿದ ಮೇಲೆ ಟೆಂಪೋ ಬಂತು. ಒಳಗೆ ಹಾಡು, ನಗು. ಡ್ರೈವರನ ಪಕ್ಕದಲ್ಲಿ ಜಾನು. ತೊಡೆಯ ಮೇಲೆ ಬಿಳಿ ಪಂಚೆಯಲ್ಲಿ ಸುತ್ತಿದ ಗಂಟು. ಗಂಟಿನ ಸಂದಿಯಿಂದ ಕೌದಿಯ ಕೆಂಪು ಅಂಚು ಇಣುಕುತ್ತಿತ್ತು.

"ಏನೋ ಮಾಸ್ತರ, ಭಾಷಣ ಬಿಟ್ಟು ರೋಡ್ ಕಾಯಾಕ ಹತ್ತೀಯಲ್ಲ?" ಎಂದು ಹಿಂದಿನ ಸೀಟಿನಿಂದ ಯಾರೋ ಕೂಗಿದರು. "ಟೋಲ್ ಕೊಡಬೇಕೇನು ನಿನಗ?"

ನೀವು ಮುಂದೆ ನಡೆಯಿರಿ, ಅವ್ವನನ್ನು ನಾನು ಕರಕೊಂಡು ಬರ್ತೇನಿ ಎಂದು ಅವರನ್ನು ಸಾಗಹಾಕಿದ. ಮನೆಯಲ್ಲಿ ತಾಯಿ ಮಗ ಕೊಂಕಣಿ ಆಡುವವರು. ಪೇಟೆಗೆ ಬಂದರೆ ಇಬ್ಬರಿಗೂ ಕನ್ನಡವೇ ಬಾಯಿಗೆ ಬರುತ್ತಿತ್ತು.

"ಅವ್ವಾ, ಆ ಗಂಟು ಯಾಕ ತಂದಿ?"

"ಸಭಾದಾಗ ಮೇಜಿನ ಮ್ಯಾಲ ಹಾಸಾಕ. ಅನ್ನಪೂರ್ಣಾಬಾಯಿ ಬ್ಯಾರೆ ಹೊಸಾದು ತಾ ಅಂದಿದ್ಲು. ನಾ ಇದನ್ನ ತಂದೆ."

"ನಾ ಪುಸ್ತಕ ಓದಿದೆ."

ಜಾನು ಮಗನ ಮುಖ ನೋಡಿದಳು. ಹತ್ತಿರದಲ್ಲೇ ಒಂದು ಮೈಲಿಗಲ್ಲಿತ್ತು. ಅದರ ಮೇಲೆ ಕೂತಳು.

"ಪೂರಾ ಓದಿದೇನು?"

"ನಿಂದು ಓದಿದೆ. ಮೇಡಂಗ ಹೇಳೇನಿ, ಆ ಪುಟ ಓದೂದಿಲ್ಲ. ಹೂವಿನ ಸಾಲು ಬರದು ತಪ್ಪು ಮಾಡ್ಯಾರ ಅವ್ರು. ಈ ಕೌದಿ ನಾ ರೂಮಿಗೆ ಒಯ್ತೇನಿ. ಯಾರರ ಕೇಳಿದ್ರ ನೀ ಬ್ಯಾರೆ ಏನರ ಹೇಳು."

"ಅಕಿ ತಪ್ಪು ಮಾಡಿಲ್ಲೋ. ಅಕಿ ಹೂವಿನ ಮಾತು ಬಿಟ್ಟಿದ್ಲು. ಬರದದ್ದು ಓದಿ ಹೇಳು ಅಂದೆ. ಓದಿದ್ಲು. ಹೂವು ಎಲ್ಲಿ ಅಂದೆ. ಹಾಕಿದ್ರ ಗುರ್ತು ಸಿಗತೈತಿ ಜಾನವ್ವಾ ಅಂದ್ಲು. ಸಿಗಲಿ, ಅದಕ್ಕಂತನ ನಿನಗ ಹೇಳೇನಿ ಅಂದೆ."

ಲಾರಿಯೊಂದು ಬಿದಿರು ಹೇರಿಕೊಂಡು ಹೋಯಿತು.

"ಒಂದ ಹೂವಿನ ಕೌದಿ ಲೋಕದಾಗ ಯಾರೂ ಹೊಲಿಯೂದಿಲ್ಲ," ಎಂದಳು ಜಾನು. "ಹುಡುಗಿ ಹತ್ರ ಅದು ಇದ್ರ ಸಲ್ಮಾನ್ನ ಕೇಳಿರ್ತಾಳ, ಯಾಕ ಒಂದ ಹೂವು ಅಂತ. ಸಲ್ಮಾ ಏನ ಹೇಳ್ಯಾಳೊ, ದೇವರಿಗೆ ಗೊತ್ತು. ಉಳದ ಮೂರು ಎಲ್ಲಿ ಅದಾವು ಅಂತ ಪುಸ್ತಕ ಹೇಳಲಿ."

"ಸಲ್ಮಾ ಯಾವೂರಾಕಿ?"

"ಸನವಳ್ಳಿ ಕಡ್ಯಾಕಿ. ಹೊಳ್ಳಿ ಬಂದಾರಂತ ಹೋದ ವರ್ಷ ಸಂತ್ಯಾಗ ಕೇಳಿದೆ."

"ಹಂಗಾರ ಹೋಗಿ ಕೇಳಬೇಕಿಲ್ಲ? ಇಷ್ಟು ಸಮೀಪ ಐತಿ! ಪುಸ್ತಕ ಯಾಕ ಬೇಕಿತ್ತು?"

ಜಾನು ಗಂಟನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಸರಿಸಿದಳು. "ಯಾವ ಮುಖದಿಂದ ಹೋಗಿ ಬಾಗಿಲು ಬಡೀಲಿ? ಹಾಲು ಕುಡಿಸಿದಾಕಿ ಅಕಿ. ಅಕಿ ಅಂಗಳದಾಗ ನಿಂತು 'ಇದು ನನ್ನ ಕೂಸು' ಅನ್ನಲೇನು? ಹುಡುಗಿ ಓದಲಿ. ಬೇಕಂದ್ರ ಬರಲಿ. ಬ್ಯಾಡಂದ್ರ ಪುಸ್ತಕ ಮುಚ್ಚಿ ಇಡಲಿ. ಬಾಗಿಲಿಗೆ ಬಂದ ಮಂದೀನ ಮುಚ್ಚಾಕ ಬರೂದಿಲ್ಲ, ಪುಸ್ತಕ ಮುಚ್ಚಾಕ ಬರತೈತಿ."

"ಊರಾಗ ಏನಂತಾರ ನಿನಗ?"

"ಅನ್ನಲಿ. ಸತ್ತಾಳ ಅಂತ ಹೇಳಿದ ಬಾಯಿ ನಂದು. ಬದುಕ್ಯಾಳ ಅನ್ನಾಕ ಇದ ಬಾಯಿ ಏಳಲಿಲ್ಲ, ಏನ ಮಾಡಲಿ? ಮ್ಯಾಣದ ಬತ್ತಿ ಹಚ್ಚೂ ಮುಂದ ನಿನ್ನ ಮಾರಿ ನೋಡಾಕ ಆಗ್ತಿರಲಿಲ್ಲ ನನಗ." ಆಮೇಲೆ ಕೇಳಿದಳು, "ಆ ಪುಟ ಓದೂದಿಲ್ಲ ಅಂದ್ಲೇನು ಖರೇನ?"

"ನಾ ಬ್ಯಾಡ ಅಂದೆ."

"ನೀ ಯಾರು ಬ್ಯಾಡ ಅನ್ನಾಕ?"

ಇಬ್ಬರೂ ಸಭಾಂಗಣಕ್ಕೆ ಬಂದಾಗ ಕುರ್ಚಿಗಳು ತುಂಬಿದ್ದವು. ಮುಂದೆ ಮಿಲ್ಲಿನ ಕಡೆಯವರು, ಬಾಗಿಲ ಹತ್ತಿರ ಊರಿನವರು. ಮಹಾಂತಪ್ಪ ಮೈಕಿಗೆ ಊದಿ ಊದಿ ನೋಡುತ್ತಿದ್ದ. ಅನ್ನಪೂರ್ಣಾ ಬೇರೆ ಅಧ್ಯಾಯದಿಂದ, ಕಾಡಿನ ಜೇನಿನ ಬಗ್ಗೆ, ಸ್ವಲ್ಪ ಓದಿದರು. ಚಪ್ಪಾಳೆ ಬಿತ್ತು.

"ಅಕ್ಕಾರ ಪುಸ್ತಕ ಬರೆಯೂ ಮುಂಚೆ ನಮಗ ಸಿದ್ದಿ ಮಂದಿ ಅಂದ್ರ ಕುಣಿತ, ಅಷ್ಟ ಗೊತ್ತಿತ್ತು," ಎಂದ ಮಹಾಂತಪ್ಪ. "ಬಾಜೂಕ ಇದ್ದು ಮೂವತ್ತು ವರ್ಷ ಆತು. ನಮ್ಮ ಗೇಟಿನ ಮುಂದ ಹಾದು ಹೋಗ್ತಿದ್ರು, ನಾವು ಹೆಸರು ಕೇಳಲಿಲ್ಲ. ಈಗ ಜೆರಾಲ್ಡ್ ಸರ್ ಮಾತಾಡ್ತಾರ, ಚುರಮರಿ ಆಮ್ಯಾಲ."

ಜೆರಾಲ್ಡ್ ಮೈಕಿನ ಮುಂದೆ ನಿಂತ. ಜೇಬಿಗೆ ಕೈ ಹೋಗಿ ಬರಿಗೈಯಾಗಿ ಬಂತು. ಭಾಷಣ ಬಿಟ್ಟು ಪುಸ್ತಕ ಬಿಡಿಸಿದ. ಮೂಲೆ ಮಡಚಿದ್ದ ಪುಟವನ್ನು ಮೊದಲ ಸಾಲಿನಿಂದ ಓದತೊಡಗಿದ. ಮರಿಯಾ ಎಂದಿದ್ದಲ್ಲಿ ಮರಿಯಾ ಎಂದೇ ಓದಿದ. ಮೂರೇ ಹೂವು ಎಂಬಲ್ಲಿ ನಿಂತು, ನೀರು ಕುಡಿದು, ಸಾಲನ್ನು ಮತ್ತೊಮ್ಮೆ ಓದಿದ.

ಬಾಗಿಲ ಹತ್ತಿರದವರು ಒಬ್ಬೊಬ್ಬರಾಗಿ ತಿರುಗಿದರು. ಜಾನು ಆಗಲೇ ಎದ್ದಿದ್ದಳು. ಗಂಟು ಬಿಚ್ಚುತ್ತ ವೇದಿಕೆಗೆ ಹತ್ತಿ, ಹೂದಾನಿಯನ್ನು ಬದಿಗೆ ಸರಿಸಿ, ಮೇಜಿನ ಮೇಲೆ ಕೌದಿ ಹಾಸಿದಳು. ಹೂವಿಲ್ಲದ ಮೂಲೆಯನ್ನು ಜನರ ಕಡೆಗೇ ಇಳಿಬಿಟ್ಟಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಊರಿನ ಒಬ್ಬ ಮುದುಕಿ ಎದ್ದು ಹೊರಗೆ ಹೋದಳು. ಇನ್ನೊಬ್ಬಳು ವೇದಿಕೆಯವರೆಗೂ ಬಂದು, ಬರಿ ಮೂಲೆಯನ್ನು ಹಿಡಿದು ನೋಡಿ, "ಇಲಿ ಕಡದೈತಿ ಅಂದಿದ್ದಿಯಲ್ಲ, ಖೋಡಿ," ಎಂದು ಜಾನುವಿನ ಬೆನ್ನಿಗೆ ಗುದ್ದಿದಳು. ಆಮೇಲೆ ಅಲ್ಲಿಯೇ ಅಳತೊಡಗಿದಳು.

ವಾಪಸು ಹೋಗುವಾಗ ಟೆಂಪೋದಲ್ಲಿ ಹಾಡಿರಲಿಲ್ಲ.

ಸೋಮವಾರ ಜೆರಾಲ್ಡ್ ಕಾಲೇಜಿಗೆ ರಜೆ ಹಾಕಿ ಮುಂಡಗೋಡದ ಬಸ್ಸು ಹತ್ತಿದ. ಸನವಳ್ಳಿಯಲ್ಲಿ ಇಳಿದು, ಊರಿನ ಗ್ರಂಥಾಲಯಕ್ಕೆ ಒಂದು ಪ್ರತಿ, ಹೆಣ್ಣುಮಕ್ಕಳ ಸಂಘಕ್ಕೆ ಒಂದು ಪ್ರತಿ ಕೊಟ್ಟ. ಸಲ್ಮಾಳ ಮನೆ ಯಾವುದೆಂದು ಯಾರನ್ನೂ ಕೇಳಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹಳಿಯಾಳಕ್ಕೆ ತಿರುಗಿ ಬಂದ.