ಸುಣ್ಣ ಹಚ್ಚದ ಗಡಿಗೆ

ಎಪ್ಪತ್ತೇಳನೇ ಇಸವಿ, ಮೇ ತಿಂಗಳ ಕಡೆಯ ವಾರ. ಮಧ್ಯಾಹ್ನದ ಊಟ ಮುಗಿಸಿ ಕಲ್ಯಾಣಪುರವೆಲ್ಲ ಒರಗಿದ ಹೊತ್ತು. ಹೆರಾಲ್ಡನ ಹಿತ್ತಿಲ ನೇರಳೆ ಮರದ ಬುಡದಲ್ಲಿ ಅವನ ಅಕ್ಕ ಬರ್ತಾ ಹಳೆಯ ಬೆಡ್‌ಶೀಟು ಹಾಸಿ ಹಣ್ಣು ಉದುರಿಸುತ್ತಿದ್ದಳು. ಮದುವೆಯಾಗದೆ ತಮ್ಮನ ಮನೆಯಲ್ಲೇ ಉಳಿದ ಹೆಂಗಸು. ಅಡುಗೆಮನೆಯ ಸೌಟು ಅವಳ ಕೈಯಲ್ಲಿ, ಮನೆಯ ಮಾತು ಹೆರಾಲ್ಡನ ಕೈಯಲ್ಲಿ.

ಕ್ರಿಸ್ಮಸ್ಸಿಗೆ ವೈನ್ ಮಾಡುವ ಕ್ರಮ ಆ ಕಡೆಯ ಮನೆಗಳಲ್ಲಿ ಒಂದೇ. ಹಣ್ಣು ತೊಳೆ, ನೀರು ಕುದಿಸು, ಸಕ್ಕರೆ ಸುರಿ, ಅಂಗಡಿಯ ಈಸ್ಟು ಹಾಕು, ಹಿಡಿ ಗೋಧಿ, ನಾಲ್ಕು ಲವಂಗ. ಇಪ್ಪತ್ತು ವರ್ಷ ಹಾಗೆಯೇ ಮಾಡಿದ ಮೇಲೆ ಬರ್ತಾಳಿಗೆ ಒಂದು ದಿನ ಸಾಕೆನಿಸಿತು.

"ಇದು ವೈನಲ್ಲ, ಕೆಮ್ಮಿನ ಔಷಧಿ" ಎಂದಳು ತಮ್ಮನ ಹೆಂಡತಿ ಗ್ಲ್ಯಾಡಿಸಳ ಹತ್ತಿರ. "ಹಣ್ಣಿನ ರುಚಿ ಎಲ್ಲಿ ಉಂಟು ಇದರಲ್ಲಿ?"

"ಕುಡಿಯುವವರಿಗೆ ಬೇಡದ ಯೋಚನೆ ನಿಮಗೆ ಯಾಕೆ, ಬರ್ತಾಬಾಯಿ?" ಎಂದಳು ಗ್ಲ್ಯಾಡಿಸ್.

ಬರ್ತಾ ಹೋಗಿ ಕೇಳಿದ್ದು ದೂಮಪ್ಪನನ್ನು. ಹೊಳೆಯ ದಂಡೆಯ ತೆಂಗು ತಾಳೆಗಳನ್ನು ಹತ್ತಿ ಕಳ್ಳು ಇಳಿಸುವವನು ಅವನು. ಅವನ ಕಳ್ಳಿಗೆ ಯಾರೂ ಈಸ್ಟು ಹಾಕುವುದಿಲ್ಲವಲ್ಲ, ಮತ್ತೆ ಅದು ಹುಳಿಯುವುದು ಹೇಗೆ?

"ಅದನ್ನು ಗಡಿಗೆಯೇ ಮಾಡುವುದು ಬಾಯಮ್ಮ" ಎಂದ ಅವನು. "ಒಳಗೆ ಸುಣ್ಣ ಹಚ್ಚಿದರೆ ಸಿಹಿಯಾಗಿಯೇ ಉಳಿತದೆ, ಬೆಲ್ಲಕ್ಕೆ ಆಗ್ತದೆ. ಹಚ್ಚದಿದ್ದರೆ ಮಧ್ಯಾಹ್ನಕ್ಕೆ ನೊರೆ. ನನ್ನದೆಂತ ಉಂಟು, ಹತ್ತುವುದು, ಇಳಿಯುವುದು."

"ಸುಣ್ಣ ಕಾಣದ ಹಳೆ ಗಡಿಗೆ ನನಗೆ ಮೂರು ಕೊಡು."

"ನಿಮ್ಮ ತಮ್ಮ ಪೊರ್ಬುಗಳು ಬೈದರೆ?"

"ಬೈಯಲಿ. ಅವನಿಗೆ ಮೂಗು ಉಂಟು, ನಾಲಗೆ ಇಲ್ಲ."

ಹಣ್ಣಿಗೆ ಅವಳು ನೀರು ಮುಟ್ಟಿಸಲಿಲ್ಲ. ಮೇಲಿನ ಬಿಳಿ ಹುಡಿ ಹಾಗೆಯೇ ಇರಬೇಕೆಂದಳು. ಕೈಯಲ್ಲೇ ಕಿವುಚಿ, ಬೀಜ ಸಮೇತ ಗಡಿಗೆಗೆ ತುಂಬಿದಳು. ಮನೆಯ ಹಿತ್ತಿಲೆಲ್ಲ ಮುರಕಲ್ಲು, ಗುದ್ದಲಿ ಇಳಿಯುವುದಿಲ್ಲ. ದೂಮಪ್ಪನ ಗುಡಿಸಲ ಹಿಂದೆ ಹೊಳೆಮರಳು. ಮೇ ತಿಂಗಳಲ್ಲೂ ಮೊಣಕೈ ಆಳಕ್ಕೆ ತಂಪು. ಗಡಿಗೆಗಳನ್ನು ಅಲ್ಲಿ ಕುತ್ತಿಗೆಯವರೆಗೆ ಹೂತರು. ದೂಮಪ್ಪನ ಹೆಂಡತಿ ಬೇಬಿ ದಿನಕ್ಕೊಮ್ಮೆ ಕಿವಿಯಿಟ್ಟು ಕೇಳಿ ಬಂದು ವರದಿ ಒಪ್ಪಿಸುವಳು. "ಇವತ್ತು ಗೊಣಗುತ್ತಾ ಉಂಟು ಬಾಯಮ್ಮ, ನನ್ನ ಅತ್ತೆಯ ಹಾಗೆ."

ಮೊದಲ ವರ್ಷ ಅಪ್ಪಟ ವಿನೆಗರಾಯಿತು. ಹಂದಿಮಾಂಸಕ್ಕೆ ಮುಗಿಸಿದರು. ಎರಡನೇ ವರ್ಷ ಬಟ್ಟೆ ಬಿಗಿಯಾಗಿ ಕಟ್ಟಿದ್ದರಿಂದ ಒಂದು ಗಡಿಗೆ ಒಡೆಯಿತು; ದೂಮಪ್ಪ ಇನ್ನೊಂದು ಕೊಟ್ಟ. ಮೂರನೇ ವರ್ಷ ಬರ್ತಾ ಗಡಿಗೆಯ ಬಾಯಿಗೆ ಅಡಿಕೆ ಹಾಳೆ ಸಡಿಲವಾಗಿ ಮುಚ್ಚಿ, ಮೊದಲ ಮಳೆಗೆ ಮುಂಚೆ ಸೋಸಿ ಭರಣಿಗೆ ಇಳಿಸಿದಳು. ಆ ಕ್ರಿಸ್ಮಸ್ಸಿಗೆ ಮಣಿಪಾಲದಿಂದ ಬಂದ ಡಾಕ್ಟರು ಒಂದು ಗುಟುಕು ಕುಡಿದು ಲೋಟವನ್ನು ಬೆಳಕಿಗೆ ಹಿಡಿದರು. ಯಾವ ದ್ರಾಕ್ಷಿ ಎಂದು ಕೇಳಿದರು.

"ನಮ್ಮ ಮನೆಯದ್ದೇ ಡಾಕ್ಟ್ರೇ, ನಮ್ಮದೇ ಕ್ರಮ" ಎಂದ ಹೆರಾಲ್ಡ್, ಎದೆ ಉಬ್ಬಿಸಿ. ಬರ್ತಾ ಬಾಗಿಲ ಹಿಂದೆ ತಟ್ಟೆ ಹಿಡಿದುಕೊಂಡು ಕೇಳಿಸಿಕೊಂಡಳು. ಆಗ ಅವಳಿಗೆ ಸಿಟ್ಟು ಬರಲಿಲ್ಲ. ಬಂದದ್ದು ಮುಂದಿನ ಮೇ ತಿಂಗಳಲ್ಲಿ.

ಹಣ್ಣು ಹೂತು ಹತ್ತು ದಿನವಾಗಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಅಬ್ಕಾರಿ ಜೀಪು ಬಂದು ದೂಮಪ್ಪನ ಗುಡಿಸಲ ಮುಂದೆ ನಿಂತಿತು. ಕಳ್ಳಭಟ್ಟಿಗೆ ಕೊಳೆ ಹಾಕಿದ್ದಾನೆ ಎಂದು ಯಾರೋ ಹೇಳಿದ್ದರಂತೆ. ಎರಡು ಗಡಿಗೆಯನ್ನು ಅಲ್ಲಿಯೇ ಒಡೆದರು. ಒಂದನ್ನು ಸಾಕ್ಷಿಗೆಂದು ಹೊತ್ತರು. ಅವರಲ್ಲೊಬ್ಬ ಬೆರಳದ್ದಿ ನೆಕ್ಕಿ, ಮಾಲು ಒಳ್ಳೆಯದುಂಟು ಎಂದು ಮೀಸೆ ಒರೆಸಿಕೊಂಡನಂತೆ. ದೂಮಪ್ಪನನ್ನೂ ಜೀಪಿಗೆ ಹತ್ತಿಸಿದರು.

ಬೇಬಿ ಓಡಿ ಬಂದಳು. ಬರ್ತಾ ಹಾಗೆಯೇ ತಮ್ಮನ ಮುಂದೆ ಹೋಗಿ ನಿಂತಳು.

"ಅದು ನಮ್ಮ ಮನೆಯ ವೈನ್ ಅಂತ ಒಂದು ಕಾಗದ ಬರೆದುಕೊಡು. ಇಲ್ಲ, ಬಂದು ಒಂದು ಮಾತು ಹೇಳು. ಅವನನ್ನು ಬಿಡ್ತಾರೆ."

ಹೆರಾಲ್ಡ್ ಪೇಪರು ಮಡಚಿದ. "ಎಂತ ಅಂತ ಬರೆಯುವುದು? ಕಳ್ಳಿನವನ ಗುಡಿಸಲಲ್ಲಿ ಹುಳಿ ಹಾಕಿದ್ದು ನಮ್ಮದು ಅಂತಲಾ? ಇಗರ್ಜಿಯ ಕಮಿಟಿಯಲ್ಲಿ ಇರುವವ ನಾನು."

"ಡಿಸೆಂಬರಿನಲ್ಲಿ ನಮ್ಮ ಕ್ರಮ, ಮೇಯಲ್ಲಿ ಕಳ್ಳಿನವನದ್ದಾ?"

"ಅವನಿಗೆ ಜೀಪು ಹೊಸತಲ್ಲ ಬಿಡು."

"ಮೂವತ್ತು ವರ್ಷ ಮರ ಹತ್ತಿದವ. ಒಂದು ದಿನ ಹತ್ತಿದ್ದಾನಾ ಜೀಪು? ನೋಡಿದ್ದೀಯಾ ನೀನು?"

ಅವನು ಪೇಪರು ಮತ್ತೆ ಬಿಡಿಸಿದ.

ಬರ್ತಾ ಒಬ್ಬಳೇ ಬಸ್ಸು ಹತ್ತಿ ಉಡುಪಿಯ ಅಬ್ಕಾರಿ ಕಚೇರಿಗೆ ಹೋದಳು. ಸಾಹೇಬರು ಮರ್ಯಾದೆಯವರು, ಕುರ್ಚಿ ಕೊಟ್ಟರು. ಹೇಗೆ ಮಾಡಿದ್ದೆಂದು ಕೇಳಿದರು. ಮೂರು ವರ್ಷದಲ್ಲಿ ಅವಳನ್ನು ಹಾಗೆ ಕೇಳಿದವರೇ ಇರಲಿಲ್ಲ. ಅವಳು ಒಂದೂ ಬಿಡದೆ ಹೇಳಿದಳು: ತೊಳೆಯದ ಹಣ್ಣು, ಹೊಳೆಮರಳು, ಹಾಳೆಯ ಮುಚ್ಚಳ. ಈಸ್ಟು ಒಂದು ಚಿಟಿಕೆಯೂ ಹಾಕಿಲ್ಲ, ಹುಳಿಸಿದ್ದೆಲ್ಲ ದೂಮಪ್ಪನ ಕಳ್ಳಿನ ಗಡಿಗೆ ಎಂದು ಹೆಮ್ಮೆಯಿಂದಲೇ ಹೇಳಿದಳು.

ಸಾಹೇಬರು ಗುಮಾಸ್ತನ ಕಡೆ ತಿರುಗಿದರು. "ಹುಳಿಸಿದ್ದು ಆರೋಪಿಯ ಗಡಿಗೆ. ಅಷ್ಟು ಬರ್ಕೊಳ್ಳಿ."

"ಹಣ್ಣು ನನ್ನದು ಸಾಹೇಬ್ರೇ. ಕೆಲಸ ನನ್ನದು. ನನ್ನ ಹೆಸರು ಬರೆಯಿರಿ."

"ನಿಮ್ಮ ಮನೆಯ ಯಜಮಾನರು ಬಂದು ಹೇಳಲಿ ಅಮ್ಮ. ಹೆಂಗಸರ ಹೆಸರು ನಾವು ಸುಮ್ಮನೆ ಎಳೆಯುವುದಿಲ್ಲ."

ಬರುವಾಗ ಬಸ್ಸಿನಲ್ಲಿ ಅವಳಿಗೆ ತಮ್ಮನ ಮೇಲಿನ ಸಿಟ್ಟು ಒಂದು ಕಡೆ, ತನ್ನ ಬಾಯಿಯ ಮೇಲಿನದು ಇನ್ನೊಂದು ಕಡೆ. ಸುಳ್ಳು ಹೇಳಿದ್ದರೆ ದೂಮಪ್ಪ ಉಳಿಯುತ್ತಿದ್ದ. ಅಂಗಡಿಯ ಈಸ್ಟು ಎಂದಿದ್ದರೆ ಸಾಕಿತ್ತು.

ಮೂರನೇ ದಿನ ದೂಮಪ್ಪನನ್ನು ಬಿಟ್ಟರು, ಕೇಸನ್ನು ಬಿಡಲಿಲ್ಲ. ಕೇಸಿದ್ದವನನ್ನು ಮರ ಹತ್ತಿಸಲಿಕ್ಕಾಗದು ಎಂದು ಕಳ್ಳಿನ ಗುತ್ತಿಗೆದಾರ ಅವನ ಮರಗಳನ್ನೆಲ್ಲ ಬೇರೆಯವನಿಗೆ ಕೊಟ್ಟ. ಬೇಬಿಯ ತವರು ಕಾರ್ಕಳ. ಅಲ್ಲಿ ಕಲ್ಲುಕೋರೆಯಲ್ಲಿ ಕೆಲಸ ಉಂಟಂತೆ. ಮರ ಹತ್ತುವ ಕಾಲು ಕಲ್ಲು ಹೊರಲಿಕ್ಕೆ ಹೊರಟಿತು.

"ನೀವು ಬೇಜಾರು ಮಾಡಬೇಡಿ ಬಾಯಮ್ಮ" ಎಂದ ಅವನು, ಗಂಟು ಕಟ್ಟುತ್ತ. ಆ ಮಾತಿಗಿಂತ ಅವನು ಬೈದಿದ್ದರೆ ಬರ್ತಾ ಸಹಿಸಿಕೊಳ್ಳುತ್ತಿದ್ದಳು.

ಆ ಡಿಸೆಂಬರಿನಲ್ಲಿ ಹೆರಾಲ್ಡ್ ಅಡುಗೆಮನೆಗೆ ಬಂದ. "ಹೋದ ವರ್ಷದ್ದು ಒಂದು ಭರಣಿ ಇತ್ತಲ್ವಾ? ಡಾಕ್ಟ್ರು ಅದನ್ನೇ ಕೇಳ್ತಿದ್ದಾರೆ."

ಕ್ರಿಸ್ಮಸ್ಸಿನ ದಿನ ಬರ್ತಾ ತಾನೇ ಲೋಟಗಳಿಗೆ ಸುರಿದು, ಬಾಗಿಲ ಹಿಂದೆ ನಿಲ್ಲದೆ ಎಲ್ಲರ ನಡುವೆ ಬಂದು ನಿಂತಳು.

"ಕುಡಿಯುವ ಮೊದಲು ಕೇಳಿ ಡಾಕ್ಟ್ರೇ. ಇದು ದ್ರಾಕ್ಷಿಯಲ್ಲ, ನೇರಳೆ. ದೂಮಪ್ಪನ ಕಳ್ಳಿನ ಗಡಿಗೆಯಲ್ಲಿ, ಅವನ ಗುಡಿಸಲ ಮರಳಿನಲ್ಲಿ ಆದದ್ದು. ಇದನ್ನೇ ಮಾಡಿದ್ದಕ್ಕೆ ಅವನನ್ನು ಜೀಪಿನಲ್ಲಿ ಹೊತ್ತುಕೊಂಡು ಹೋದರು. ಇದು ನಮ್ಮ ಮನೆಯದ್ದು ಅಂತ ಹೇಳಲಿಕ್ಕೆ ನಮ್ಮ ಮನೆಯವನಿಗೆ ಆಗ ಬಾಯಿ ಬರಲಿಲ್ಲ. ಇವತ್ತು ಬಂದರೆ ಹೇಳಲಿ."

ಯಾರೂ ಲೋಟ ಎತ್ತಲಿಲ್ಲ. ಗ್ಲ್ಯಾಡಿಸ್ ಕೇಕಿನ ತಟ್ಟೆ ಹಿಡಿದು ಅಲ್ಲಿಯೇ ನಿಂತಳು. ಹೆರಾಲ್ಡ್ ಕೆಳಗೆ ನೋಡಿಕೊಂಡೇ ಹೇಳಿದ, "ಇಂಥ ಮಾತಿಗೆ ಈ ಮನೆಯಲ್ಲಿ ಜಾಗ ಇಲ್ಲ."

"ಅದು ಸರಿ" ಎಂದಳು ಬರ್ತಾ.

ದೂಮಪ್ಪ ಮತ್ತು ಬೇಬಿ ಕಲ್ಯಾಣಪುರ ಬಿಟ್ಟದ್ದು ಜೂನ್ ಒಂಬತ್ತು, ಸೋಮವಾರ. ಬರ್ತಾ ಒಂದು ಟ್ರಂಕು ಹಿಡಿದು, ಕಾಪುವಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಗೆಳತಿಯ ಮನೆಗೆ ಹೊರಟದ್ದು ಡಿಸೆಂಬರ್ ಇಪ್ಪತ್ತಾರು, ಶುಕ್ರವಾರ.