ಒಂದೂ ತೂತಿಲ್ಲದ ಮಡ್‌ಗಾರ್ಡು

ಗಂಡ ಡ್ರಿಲ್ ಮೆಷಿನ್ನಿನ ವೈರನ್ನು ಕಿಟಕಿಯಿಂದ ಅಂಗಳಕ್ಕೆ ಎಳೆದುಕೊಂಡಿದ್ದ. ಅಪ್ಪ ಬೈಕಿನ ಹಿಂದೆ ಅಡ್ಡ ನಿಂತಿದ್ದರು. ನಡುವೆ ಅವಳು, ಕೈಯಲ್ಲಿ ನಂಬರ್ ಪ್ಲೇಟು.

ಪ್ಲೇಟು ಎರಡು ಸಲ ದಾರಿಯಲ್ಲಿ ಕಳಚಿ ಬಿದ್ದಿತ್ತು. ಇನ್ನೊಮ್ಮೆ ನಂಬರಿಲ್ಲದೆ ಸಿಕ್ಕರೆ ಗಾಡಿ ಸೀದಾ ಠಾಣೆಗೆ ಎಂದು ಪೊಲೀಸಿನವನು ಖಡಾಖಂಡಿತವಾಗಿ ಹೇಳಿದ್ದ. ಗಾಡಿ ಹೋದರೆ ಅಂಗಡಿಗಳಿಗೆ ಬ್ರೆಡ್ಡು ಹಾಕುವ ಅವಳ ಕೆಲಸವೂ ಹೋದಂತೆಯೇ. ಇತ್ತ ಅಪ್ಪನದು ಒಂದೇ ಹಟ. ತಗಡಿನ ಕೆಲಸ ಬಿಡುವ ಮುಂಚೆ ಅವರು ಕೊನೆಯದಾಗಿ ಬಡಿದು ಮಾಡಿದ್ದು ಈ ಬೈಕಿನ ಹಿಂದಿನ ಮಡ್‌ಗಾರ್ಡು. ಅದಕ್ಕೆ ತೂತು ಬೀಳಕೂಡದು. ಹಾಗಾಗಿ ಬೋಲ್ಟಿನ ಬದಲು ಎರಡೂ ಕಡೆ ಅಂಟುವ ಟೇಪು ಹಚ್ಚಿ, ಪ್ಲೇಟನ್ನು ಅದಕ್ಕೆ ಅಂಟಿಸಿ ಅವಳು ಕಾಲ ತಳ್ಳಿದ್ದಳು.

"ಎರಡೇ ಎರಡು ತೂತು, ಮಾವ. ಯಾರ ಪ್ರಾಣಾನೂ ಹೋಗಲ್ಲ," ಎಂದ ಗಂಡ.

"ಮೊದಲು ನನ್ನ ಕೊರೀರಿ. ಆಮೇಲೆ ಅದನ್ನ."

"ನೋಡಿದ್ಯಾ? ಇವರ ಹತ್ರ ಮಾತಾಡೋದೂ ಒಂದೇ, ಗೋಡೆ ಹತ್ರ ಮಾತಾಡೋದೂ ಒಂದೇ!"

ಡ್ರಿಲ್ ಗುರ್ರೆಂದಿತು. ಇನ್ನೊಮ್ಮೆ ಅಂಟಿಸಿದರೆ ನಿಂತೀತೇನೋ ಎಂಬ ಕೊನೆಯ ಆಸೆಯಿಂದ ಅವಳು ಟೇಪು ಕಿತ್ತುಬಂದ ಜಾಗವನ್ನು ಬೆರಳಿನಿಂದ ಸವರಿದಳು. ಬೆರಳು ಜಾರಿತು. ಮೂಸಿ ನೋಡಿದರೆ ಮೇಣದ ಪಾಲಿಶ್. ದಿನಾ ಅವಳು ಏಳುವ ಮುಂಚೆಯೇ ಅಪ್ಪ ಗಾಡಿಯನ್ನು ಫಳಫಳ ಹೊಳೆಸಿಡುತ್ತಿದ್ದರು. ಮಗಳ ಗಾಡಿಯೆಂಬ ಮುದ್ದಿಗೆ ಪ್ಲೇಟು ಬಿದ್ದ ಜಾಗವನ್ನೂ ಬಿಟ್ಟಿರಲಿಲ್ಲ. ಮೇಣದ ಮೇಲೆ ಯಾವ ಟೇಪು ತಾನೇ ನಿಂತೀತು?

ಅವಳಿಗೆ ಸಿಟ್ಟೂ ಬಂತು, ಕರುಳೂ ಚುರ್ರೆಂದಿತು. ಗಂಡನಿಗೆ ಹೇಳಿದರೆ ಅಪ್ಪನ ಮಾನ ಮೂರಾಬಟ್ಟೆ.

"ಟೇಪೇ ದರಿದ್ರದ್ದು," ಎಂದವಳೇ ಗಂಡನ ಕೊಳಾಯಿ ಕೆಲಸದ ಚೀಲಕ್ಕೆ ಕೈ ಹಾಕಿ ಪೈಪಿನ ಕ್ಲಾಂಪು ಎರಡು ತೆಗೆದಳು. ಬ್ರೆಡ್ಡಿನ ಕ್ರೇಟು ಇಡುವ ಕ್ಯಾರಿಯರ್‌ನ ಹಿಂಬದಿ ಕಂಬಿಗೆ ಹಳೇ ಟ್ಯೂಬಿನ ತುಂಡು ಸುತ್ತಿ, ಮೇಲೆ ಕ್ಲಾಂಪು ಬಿಗಿದು, ಪ್ಲೇಟಿನಲ್ಲಿ ಮೊದಲೇ ಇದ್ದ ತೂತುಗಳಿಗೆ ಬೋಲ್ಟು ತೂರಿಸಿ ನಟ್ಟು ತಿರುಗಿಸಿದಳು. ಗಂಡ ಹಿಡಿದು ಜಗ್ಗಿದ. ಗಾಡಿ ಅಲ್ಲಾಡಿತೇ ಹೊರತು ಪ್ಲೇಟು ಮಿಸುಕಲಿಲ್ಲ.

"ಕೊಳಾಯಿಯವನು ನಾನು, ನನಗೇ ಹೊಳೀಲಿಲ್ವಲ್ಲ!" ಅವನು ತಲೆ ಕೆರೆದುಕೊಂಡ. ಮರುಗಳಿಗೆಗೇ ಚಪ್ಪಲಿ ಮೆಟ್ಟಿದ. "ಇರು, ಆ ಟೇಪಿನ ಅಂಗಡಿಯವನನ್ನ ಸರಿಯಾಗಿ ಜಾಡಿಸಿ ಬರ್ತೀನಿ."

"ನಿಲ್ರೀ ಅಳಿಯಂದ್ರೇ." ಅಪ್ಪ ಅವನ ದಾರಿಗೆ ಅಡ್ಡ ಬಂದರು. "ಅವನದೇನೂ ತಪ್ಪಿಲ್ಲ. ಪಾಲಿಶ್ ಹಚ್ಚಿದ್ದು ನಾನು. ಅದಕ್ಕೇ ಟೇಪು ನಿಂತಿಲ್ಲ ಅಂತ ಇವಳು ಬೆರಳು ಮೂಸಿದಾಗಲೇ ನನಗೆ ಗೊತ್ತಾಯ್ತು."

ಗಂಡ ಏನೋ ಅನ್ನಲು ಹೋದ. ಅವಳು ಕಣ್ಣಲ್ಲೇ ಗದರಿದಳು.

"ಎರಡು ಸಲ ನಡುಬೀದೀಲಿ ಬೈಸಿಕೊಂಡೋಳು ನೀನು," ಎಂದರು ಅಪ್ಪ, ಅವಳತ್ತ ತಿರುಗಿ. "ಈಗ ಬೈಯಮ್ಮ ನನ್ನ."